ಸೋಲಿಗೆ ಹೆದರದ ಗಾಜನೂರಿನ ಮುತ್ತುರಾಜ

ತಾಳವಾಡಿ: ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಾಟಿಯ 27 ತಿರುವು ಹತ್ತಬೇಕು, ಹಾಸನೂರು ದಾಟಬೇಕು, ಕಾಡು ಕಳೆಯಬೇಕು. ಆಮೇಲೆ ತಾಳವಾಡಿ. ಚಾಮರಾಜನಗರದ ಕಡೆಯಿಂದ ಬರುವವರಿಗೆ ಈ ಕಷ್ಟ ಯಾವುದೂ ಇಲ್ಲ. ನೆಟ್ಟಗೆ ಬಸ್ಸು ಹತ್ತಿ ಕುಳಿತರಾಯಿತು. ಸರ್ಕಾರ ತಮಿಳುನಾಡಿನದು, ಮನೆಮಾತು ಬಹಳ ಜನಕ್ಕೆ ಕನ್ನಡ, ಸಂತೆಯಲ್ಲಿ ಎರಡೂ ನಡೆಯುತ್ತದೆ. ಇಂಥ ಸೀಮೆಯ ದೊಡ್ಡ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಆದರೆ ಅವರ ಗೆಲುವಿನ ಲೆಕ್ಕ ಇಟ್ಟವರು ಸೋಲಿನ ಲೆಕ್ಕ ಇಟ್ಟಿದ್ದು ಕಡಿಮೆ. ಇನ್ನೂರಕ್ಕೂ ಹೆಚ್ಚು ಚಿತ್ರ, ಪದ್ಮಭೂಷಣ, ಫಾಲ್ಕೆ ಪ್ರಶಸ್ತಿ ಎಲ್ಲ ಆಮೇಲಿನ ಮಾತು. ಅದಕ್ಕೆ ಮೊದಲು, ಅದರ ನಡುವೆ, ಕೊನೆಗೆ ಎಪ್ಪತ್ತು ದಾಟಿದ ಮೇಲೆ ಕೂಡ ಅವರು ಪಟ್ಟ ಪಾಡು ಸಣ್ಣದಲ್ಲ.

ಗಾಜನೂರು ತಾಯಿ ಲಕ್ಷ್ಮಮ್ಮನವರ ಊರು. ತಂದೆ ಪುಟ್ಟಸ್ವಾಮಯ್ಯನವರದು ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು. ಆಗ ಎರಡೂ ಊರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಅಪ್ಪನ ಊರು ಒಂದು ರಾಜ್ಯ, ಅವ್ವನ ಊರು ಇನ್ನೊಂದು ರಾಜ್ಯ! ನಮ್ಮ ಸೀಮೆಯ ಎಷ್ಟೋ ಮನೆಗಳ ಕತೆಯೇ ಇದು. ಮುತ್ತತ್ತಿಯ ಆಂಜನೇಯನಿಗೆ, ಅಂದರೆ ಮುತ್ತತ್ತಿರಾಯನಿಗೆ, ಹರಕೆ ಹೊತ್ತು ಹುಟ್ಟಿದ ಮಗನೆಂದು ಮುತ್ತುರಾಜ ಎಂದು ಹೆಸರಿಟ್ಟರು.

ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟರು. ರಾವಣ, ಕಂಸ, ಹಿರಣ್ಯಕಶಿಪು ಇಂಥ ರೌದ್ರ ಪಾತ್ರಗಳಿಗೆ ಹೆಸರಾದವರು. ಕಂಪನಿ ನಾಟಕದವರ ಬದುಕು ಗೊತ್ತಲ್ಲ, ಇಂದು ಈ ಊರು ನಾಳೆ ಆ ಊರು. ಕಲೆಕ್ಷನ್ ಆದರೆ ಸಂಬಳ, ಮಳೆ ಹಿಡಿದರೆ ಅದೂ ಇಲ್ಲ. ಅಂಥವರ ಮಗನಿಗೆ ಶಾಲೆ ಎಲ್ಲಿಂದ ಬರಬೇಕು? ಎಂಟು ವರ್ಷದ ಹೊತ್ತಿಗೆ ಮುತ್ತುರಾಜನ ಓದು ನಿಂತೇ ಹೋಯಿತು. ತಂದೆಯ ಹಿಂದೆ ಕಂಪನಿ ಸೇರಿದ ಹುಡುಗ ಸಣ್ಣಪುಟ್ಟ ಪಾರ್ಟು ಮಾಡುತ್ತ, ದೊಡ್ಡವರ ಪಾತ್ರಗಳನ್ನು ಪರದೆಯ ಪಕ್ಕದಲ್ಲಿ ನಿಂತು ನೋಡುತ್ತ ಬೆಳೆದ. ಶಾಲೆ ತಪ್ಪಿದ್ದು ನಷ್ಟವೇ ಸರಿ. ಆದರೆ ಹಳಗನ್ನಡದ ಕಂದ ವೃತ್ತಗಳನ್ನು, ಉದ್ದುದ್ದದ ಮಾತುಗಳನ್ನು ಮೈಕ್ ಇಲ್ಲದೆ ಕೊನೆಯ ಸಾಲಿನವನಿಗೂ ಕೇಳುವಂತೆ ಹೇಳುವುದು ಯಾವ ಶಾಲೆಯಲ್ಲೂ ಕಲಿಸುವ ವಿದ್ಯೆಯಲ್ಲ. ಅವರ ಕನ್ನಡ ಉಚ್ಚಾರಣೆಯನ್ನು ಪಂಡಿತರೂ ಮೆಚ್ಚಿದ್ದರೆ ಅದಕ್ಕೆ ಕಾರಣ ಈ ಕಂಪನಿ ಪಾಠ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿದ್ದು ಪ್ರಾಥಮಿಕ ಶಾಲೆಯನ್ನೂ ಮುಗಿಸದ ಈ ಮನುಷ್ಯನಿಗೆ.

1942ರ ಭಕ್ತ ಪ್ರಹ್ಲಾದ ಚಿತ್ರದಲ್ಲಿ ಬಾಲನಟನಾಗಿ ಕ್ಯಾಮೆರಾ ಮುಂದೆ ನಿಂತರು. ಆಮೇಲೆ ಹತ್ತು ವರ್ಷ ಸಿನಿಮಾದವರು ಅವರನ್ನು ಕರೆಯಲಿಲ್ಲ. 1952ರಲ್ಲಿ ಶ್ರೀ ಶ್ರೀನಿವಾಸ ಕಲ್ಯಾಣದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಬಂದು ಹೋದರು, ಅಷ್ಟೇ. ಏಳು ಜನ ಋಷಿಗಳಲ್ಲಿ ಒಬ್ಬ ಎಂದರೆ ಯಾರು ತಾನೆ ಗುರುತಿಟ್ಟುಕೊಳ್ಳುತ್ತಾರೆ? ಈ ನಡುವೆ ಗುಬ್ಬಿ ಕಂಪನಿ, ಸುಬ್ಬಯ್ಯ ನಾಯ್ಡು ಅವರ ಕಂಪನಿ ಎಂದು ನಾಟಕಗಳಲ್ಲೇ ದುಡಿದರು. ಸಿನಿಮಾ ಬಂದು ನಾಟಕ ಕಂಪನಿಗಳು ಒಂದೊಂದಾಗಿ ಸೊರಗುತ್ತಿದ್ದ ಕಾಲ ಅದು. ಮನೆಯಲ್ಲಿ ತಾಯಿ, ತಮ್ಮ ವರದರಾಜು, ಇಬ್ಬರು ತಂಗಿಯರು. ಮನೆಗೆ ಆಧಾರವಾಗಿದ್ದ ತಂದೆ ತೀರಿಕೊಂಡರು. ಮಗ ಸಿನಿಮಾದ ನಾಯಕನಾದುದನ್ನು ನೋಡಲು ಪುಟ್ಟಸ್ವಾಮಯ್ಯ ಉಳಿಯಲಿಲ್ಲ. ತಂದೆ ಬದುಕಿದ್ದಾಗ ಗೊತ್ತು ಮಾಡಿದ್ದ ಹುಡುಗಿ ಪಾರ್ವತಿಯವರ ಜತೆ 1953ರಲ್ಲಿ ನಂಜನಗೂಡಿನಲ್ಲಿ ಮದುವೆ ಆಯಿತು. ಕೈಯಲ್ಲಿ ಗಟ್ಟಿ ಸಂಪಾದನೆ ಇಲ್ಲದ ನಾಟಕದವನ ಮದುವೆ.

ಮಾರನೆಯ ವರ್ಷ ಬೇಡರ ಕಣ್ಣಪ್ಪ ಬಂತು. ಎಚ್.ಎಲ್.ಎನ್. ಸಿಂಹ ನಿರ್ದೇಶಕರು. ಮುತ್ತುರಾಜನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟವರೂ ಅವರೇ. ಕಾಳಹಸ್ತಿಯ ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕತೆ. ತಮಿಳಿನವರಿಗೆ ಆತ ಅರವತ್ತಮೂರು ನಾಯನ್ಮಾರರಲ್ಲಿ ಒಬ್ಬನಾದ ಕಣ್ಣಪ್ಪ ನಾಯನಾರ್. ಚಿತ್ರ ನೂರು ದಿನ ದಾಟಿ ಓಡಿತು, ರಾಷ್ಟ್ರಪ್ರಶಸ್ತಿ ಸಮಿತಿಯಿಂದಲೂ ಮನ್ನಣೆ ಪಡೆಯಿತು. ಇದೇ ಕತೆಯನ್ನು ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ ಎಂದು ತೆಗೆದಾಗಲೂ ರಾಜ್ ಅವರೇ ನಾಯಕ. ಅವರು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ನಟಿಸಿದ್ದು ಅದೊಂದೇ.

ಇಲ್ಲಿಗೆ ಕಷ್ಟ ಮುಗಿಯಿತು ಎಂದುಕೊಂಡರೆ ತಪ್ಪಾಗುತ್ತದೆ. ಮೊದಲ ಚಿತ್ರವೇ ಗೆದ್ದಮೇಲೆ ನಿರ್ಮಾಪಕರು ಮನೆ ಮುಂದೆ ಸಾಲುಗಟ್ಟಿ ನಿಲ್ಲಬೇಕಿತ್ತು. ಆದರೆ ಕನ್ನಡದಲ್ಲಿ ಆಗ ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳು. ಬಹುತೇಕ ಕೆಲಸ ನಡೆಯುತ್ತಿದ್ದುದು ಮದ್ರಾಸಿನ ಸ್ಟುಡಿಯೋಗಳಲ್ಲಿ, ತಮಿಳು ತೆಲುಗು ಚಿತ್ರಗಳ ಬಿಡುವಿನಲ್ಲಿ. ಬಂಡವಾಳ ಹಾಕುವವರೂ ಕಡಿಮೆ, ಚಿತ್ರಮಂದಿರ ಸಿಗುವುದೂ ಕಷ್ಟ. ಗೆದ್ದ ನಾಯಕನೂ ಕೆಲಸವಿಲ್ಲದೆ ಮದ್ರಾಸಿನಲ್ಲಿ ಕೂರಬೇಕಾದ ಪರಿಸ್ಥಿತಿ.

ಆಗ ರಾಜ್ ಮಾಡಿದ ಕೆಲಸ ಗಮನಿಸುವಂಥದ್ದು. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಮತ್ತು ರಾಜ್‌ಕುಮಾರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕ ಆಡಿದರು. ಬೆಳ್ಳಿತೆರೆಯ ನಾಯಕ ಮತ್ತೆ ಬಣ್ಣ ಹಚ್ಚಿಕೊಂಡು ಹಲಗೆಯ ಮೇಲೆ ಬಂದು ನಿಲ್ಲುವುದೆಂದರೆ ಇವತ್ತಿನ ನಟರಿಗೆ ಮರ್ಯಾದೆಯ ಪ್ರಶ್ನೆ. ಅವರಿಗೆ ಅದು ಹಳೆಯ ಕೆಲಸವೇ, ನಾಚಿಕೆ ಏನು ಬಂತು! ಹಾಗೆ ಒಂದಾದ ಕಲಾವಿದರೇ ಮುಂದಾಗಿ ರಣಧೀರ ಕಂಠೀರವ ಚಿತ್ರವನ್ನು ನಿರ್ಮಿಸಿದರು. ಹದಿನೇಳನೆಯ ಶತಮಾನದ ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ ಕತೆ. 1960ರಲ್ಲಿ ತೆರೆಕಂಡ ಚಿತ್ರವನ್ನು ಜನ ಎತ್ತಿ ಹಿಡಿದರು. ಬೇರೆಯವರು ಕೆಲಸ ಕೊಡದಿದ್ದರೆ ನಾವೇ ಕೆಲಸ ಹುಟ್ಟಿಸಬೇಕು ಎಂಬ ಪಾಠವನ್ನು ರಾಜ್ ಮನೆಯವರು ಕೊನೆಯವರೆಗೂ ಮರೆಯಲಿಲ್ಲ. 1975ರಲ್ಲಿ ತ್ರಿಮೂರ್ತಿ ಚಿತ್ರದ ಮೂಲಕ ಪಾರ್ವತಮ್ಮ ಸ್ವತಃ ನಿರ್ಮಾಣಕ್ಕೆ ಇಳಿದರು. ಕತೆ ಆರಿಸುವ ಕೆಲಸ ತಮ್ಮ ವರದಪ್ಪನವರದು, ಲೆಕ್ಕಪತ್ರ ಪಾರ್ವತಮ್ಮನವರದು, ನಟನೆ ರಾಜ್ ಅವರದು. ಯಾರಿಗೆ ಯಾವುದು ಬರುತ್ತದೋ ಅವರಿಗೆ ಅದನ್ನು ಬಿಟ್ಟುಕೊಡುವ ಬುದ್ಧಿ ಎಲ್ಲ ದೊಡ್ಡ ನಟರಿಗೂ ಇರುವುದಿಲ್ಲ.

ತಂದೆ ರಂಗದ ಮೇಲೆ ಮಾಡಿದ್ದ ಪಾತ್ರಗಳು ಒಂದೊಂದಾಗಿ ಮಗನ ಪಾಲಿಗೂ ಬಂದವು. 1958ರ ಭೂಕೈಲಾಸದಲ್ಲಿ ರಾವಣ, 1959ರ ಮಹಿಷಾಸುರ ಮರ್ದಿನಿಯಲ್ಲಿ ಮಹಿಷಾಸುರ. ಬಾಲನಟನಾಗಿ ಕಾಣಿಸಿಕೊಂಡಿದ್ದ ಅದೇ ಭಕ್ತ ಪ್ರಹ್ಲಾದದ ಕತೆ 1983ರಲ್ಲಿ ಮತ್ತೆ ಚಿತ್ರವಾದಾಗ ರಾಜ್ ಹಿರಣ್ಯಕಶಿಪು, ಕೊನೆಯ ಮಗ ಪುನೀತ್ ಪ್ರಹ್ಲಾದ.

ಹಾಡಿನ ವಿಷಯ ಇನ್ನೂ ಸ್ವಾರಸ್ಯಕರ. ನಾಟಕದಲ್ಲಿ ತಾವೇ ಹಾಡಿ ನಟಿಸುತ್ತಿದ್ದವರು ರಾಜ್. ಸಿನಿಮಾಕ್ಕೆ ಬಂದ ಕೂಡಲೇ ಅವರ ಕಂಠಕ್ಕೆ ಕೆಲಸವಿಲ್ಲದಂತಾಯಿತು. ಬೇಡರ ಕಣ್ಣಪ್ಪದಲ್ಲಿ ಅವರಿಗೆ ಹಾಡಿದವರು ತಮಿಳಿನ ಸಿ.ಎಸ್. ಜಯರಾಮನ್. 1956ರಲ್ಲಿ ಓಹಿಲೇಶ್ವರದಲ್ಲಿ, 1959ರಲ್ಲಿ ಮಹಿಷಾಸುರ ಮರ್ದಿನಿಯಲ್ಲಿ ಎಸ್. ಜಾನಕಿ ಜತೆ ಒಂದೊಂದು ಹಾಡು ಹಾಡಿದರೂ ಅದು ಮುಂದುವರಿಯಲಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ದನಿ ರಾಜ್ ಮುಖಕ್ಕೆ ಎಷ್ಟು ಹೊಂದಿಕೊಂಡಿತೆಂದರೆ ಜನ ಅದು ರಾಜ್ ದನಿಯೇ ಎಂದುಕೊಂಡರು. ತಾನು ಬರೀ ಶರೀರ, ಶಾರೀರ ಶ್ರೀನಿವಾಸ್ ಅವರದು ಎಂದು ರಾಜ್ ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದರು. ಹಾಡಬಲ್ಲ ನಟನೊಬ್ಬ ಹದಿನೈದು ವರ್ಷ ಇನ್ನೊಬ್ಬರ ದನಿಗೆ ತುಟಿ ಆಡಿಸುತ್ತ, ಆ ಇನ್ನೊಬ್ಬರನ್ನೇ ಹೊಗಳುತ್ತ ಇರುವುದು ಸುಲಭವಲ್ಲ.

1974ರಲ್ಲಿ ಸಂಪತ್ತಿಗೆ ಸವಾಲ್ ಚಿತ್ರಕ್ಕೆ ಹಾಡು ಧ್ವನಿಮುದ್ರಣ ಮಾಡುವಾಗ ಶ್ರೀನಿವಾಸ್ ಅವರ ಆರೋಗ್ಯ ಸರಿಯಿರಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರು. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡನ್ನು ತಾಳವಾಡಿ ಸೀಮೆಯಲ್ಲಿ ಎಮ್ಮೆ ಮೇಯಿಸಿದ ಯಾವ ಹುಡುಗ ಗುನುಗಿಲ್ಲ ಹೇಳಿ! ಆಗ ರಾಜ್ ಅವರಿಗೆ 45 ವರ್ಷ. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡಿದರು. ಕೊನೆಗೆ ಜೀವನಚೈತ್ರ ಚಿತ್ರದ ಶಾಸ್ತ್ರೀಯ ಹಾಡಿಗೆ 1992ರ ಸಾಲಿನ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಮಾತ್ರ ಅವರಿಗೆ ಒಮ್ಮೆಯೂ ಬರಲಿಲ್ಲ. ದೆಹಲಿಯವರ ತಕ್ಕಡಿ ಎಂಥದ್ದೋ ಏನೋ. ಆದರೆ ಅದನ್ನು ಅವರು ಕೊರಗಿನಂತೆ ಹೊತ್ತು ತಿರುಗಲಿಲ್ಲ.

ನಡುವಯಸ್ಸಿನಲ್ಲಿ ಹೊಸದನ್ನು ಕಲಿಯುವುದಕ್ಕೂ ಅವರು ಹಿಂಜರಿಯಲಿಲ್ಲ. ಯೋಗಾಸನ ಕಲಿತದ್ದು ಹುಡುಗು ಪ್ರಾಯದಲ್ಲಲ್ಲ. 1983ರ ಕಾಮನಬಿಲ್ಲು ಚಿತ್ರದಲ್ಲಿ 54ರ ಆ ಮೈ ಬಳುಕುವುದನ್ನು ನೋಡಿ ಎಷ್ಟೋ ಜನ ಬೆರಗಾದರು. ಆ ಕಲಿಕೆ ಮುಂದೆ ಯಾವ ಹೊತ್ತಿಗೆ ಉಪಯೋಗಕ್ಕೆ ಬಂತು ಎಂಬುದನ್ನು ಇನ್ನೇನು ಹೇಳಬೇಕಿದೆ.

ತೆರೆಯ ಮೇಲೆ ಅವರು ಮಾಡಿದ ಪಾತ್ರಗಳಲ್ಲೂ ಸೋತವರು ಬಹಳ. 1971ರ ಕಸ್ತೂರಿ ನಿವಾಸದ ನಾಯಕ ಬೆಂಕಿಪೆಟ್ಟಿಗೆ ಕಾರ್ಖಾನೆಯ ಧಣಿ. ಕೊಟ್ಟು ಕೊಟ್ಟು ಎಲ್ಲ ಕಳೆದುಕೊಳ್ಳುತ್ತಾನೆ. ಇದೇ ಕತೆ 1975ರಲ್ಲಿ ಶಿವಾಜಿ ಗಣೇಶನ್ ನಟನೆಯಲ್ಲಿ ತಮಿಳಿಗೆ ಹೋಗಿ ಅವನ್‌ದಾನ್ ಮನಿದನ್ ಆಯಿತು. ಎರಡನ್ನೂ ನೋಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಯಾರು ಹೆಚ್ಚು ಯಾರು ಕಡಿಮೆ ಎಂಬ ಜಗಳ ಟೀ ಅಂಗಡಿಗೆ ಬಿಟ್ಟಿದ್ದು. 1972ರ ಬಂಗಾರದ ಮನುಷ್ಯ ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಕಲ್ಲುಭೂಮಿಯನ್ನು ಬಂಡೆ ಒಡೆದು ಹಸನು ಮಾಡುವ ರಾಜೀವಪ್ಪ ಕೊನೆಯಲ್ಲಿ ಬೆಳೆಸಿದ್ದನ್ನೆಲ್ಲ ಬಿಟ್ಟು ಬರಿಗೈಯಲ್ಲಿ ನಡೆದುಬಿಡುತ್ತಾನೆ. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಇದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದಾರೆ. ಮಾರನೆಯ ವರ್ಷ ಬಂದ ಗಂಧದ ಗುಡಿಯಲ್ಲಿ ರಾಜ್ ಕಾಡುಗಳ್ಳರನ್ನು ಎದುರಿಸುವ ಅರಣ್ಯಾಧಿಕಾರಿ. ಗಂಧದ ಮರ, ಆನೆ, ಕಾಡು ಉಳಿಯಬೇಕೆಂದು ಹಾಡಿ ಕುಣಿದ ಚಿತ್ರ ಅದು. ವಿಧಿಯ ಆಟ ನೋಡಿ, 27 ವರ್ಷ ಕಳೆದ ಮೇಲೆ ನಿಜವಾದ ಗಂಧದ ಕಳ್ಳನೇ ಅವರ ಮನೆ ಬಾಗಿಲಿಗೆ ಬಂದ.

1982ರ ಗೋಕಾಕ್ ಚಳವಳಿಯಲ್ಲಿ ಅವರು ಬೀದಿಗಿಳಿದದ್ದು, ಊರೂರಿನಲ್ಲಿ ಲಕ್ಷಾಂತರ ಜನ ಸೇರಿದ್ದು ಬೇರೆಯೇ ಕತೆ. ಕನ್ನಡದ ಹೋರಾಟದ ಮುಖವಾದ ಮೇಲೂ ರಾಜ್ ಅವರಿಗೆ ತಮಿಳು ಪರಕೀಯ ಭಾಷೆ ಆಗಿರಲಿಲ್ಲ. ಹುಟ್ಟಿದ್ದು ತಮಿಳುನಾಡಿನ ಹಳ್ಳಿ, ಸಂಸಾರ ಕಟ್ಟಿದ್ದು ಮದ್ರಾಸಿನಲ್ಲಿ, ಗಂಡುಮಕ್ಕಳು ಮೂವರೂ ಹುಟ್ಟಿದ್ದು ಅಲ್ಲೇ. ಎಷ್ಟೇ ಎತ್ತರಕ್ಕೆ ಏರಿದರೂ ಗಾಜನೂರಿನ ತೋಟದ ಮನೆಗೆ ಬಂದು ತಂಗುವುದನ್ನು ಬಿಡಲಿಲ್ಲ. ಕಾಡಂಚಿನ ಊರಿನಲ್ಲಿ ಉಳಿಯುವುದು ಕ್ಷೇಮವಲ್ಲ ಎಂಬ ಎಚ್ಚರಿಕೆಯೂ ಅವರನ್ನು ತಡೆಯಲಿಲ್ಲ.

2000ನೇ ಇಸವಿ ಜುಲೈ 30, ಭಾನುವಾರ ರಾತ್ರಿ. ಗಾಜನೂರಿನಲ್ಲಿ ಕಟ್ಟಿಸಿದ ಹೊಸ ಮನೆಯ ಸಂಭ್ರಮಕ್ಕೆಂದು ಬಂದಿದ್ದ 71ರ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಮತ್ತು ಅವನ ಸಂಗಡಿಗರು ಬಂದೂಕು ಹಿಡಿದು ಕಾಡಿಗೆ ಕರೆದೊಯ್ದರು. ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಮಾರಡಗಿ ಕೂಡ ಜತೆಗೆ. ಹೋಗುವಾಗ ವೀರಪ್ಪನ್ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟು ಮುಖ್ಯಮಂತ್ರಿಗೆ ತಲುಪಿಸಲು ಹೇಳಿದ. ಪಾರ್ವತಮ್ಮ ಅಳುತ್ತ ಕೂರಲಿಲ್ಲ. ಅದೇ ರಾತ್ರಿ ಹೊರಟು ಬೆಂಗಳೂರು ಸೇರಿ ಎಸ್.ಎಂ. ಕೃಷ್ಣ ಅವರಿಗೆ ಅದನ್ನು ಮುಟ್ಟಿಸಿದರು.

ಆಮೇಲಿನ ದಿನಗಳು ಗಡಿಯ ಜನಕ್ಕೆ ಚೆನ್ನಾಗಿ ನೆನಪಿವೆ. ಬೆಂಗಳೂರಿನಲ್ಲಿ ಬಂದ್, ಕಲ್ಲು ತೂರಾಟ. ಎರಡು ರಾಜ್ಯಗಳ ನಡುವಿನ ಬಸ್ಸು ನಿಂತಿತು. ತಮಿಳು ಚಿತ್ರಗಳು ನಿಂತವು. ಕನ್ನಡ ಚಿತ್ರರಂಗದ ಕೆಲಸವೂ ನಿಂತಿತು. ಅಲ್ಲಿ ತಮಿಳರಿಗೆ ಭಯ, ಇಲ್ಲಿ ಕನ್ನಡದವರಿಗೆ ಸಂಕೋಚ. ಗಾಜನೂರಿನಂಥ ಊರಿನಲ್ಲಿ ಯಾರು ಯಾವ ಕಡೆಯವರು ಎಂದು ಬೇರೆ ಮಾಡುವುದಾದರೂ ಹೇಗೆ? ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಕಾವೇರಿ ನೀರು ಇತ್ತು, ಕರ್ನಾಟಕದಲ್ಲಿ ತಮಿಳಿಗೆ ಆಡಳಿತದಲ್ಲಿ ಸ್ಥಾನ ಇತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಇತ್ತು, ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ಟಾಡಾ ಬಂಧಿಗಳ ಬಿಡುಗಡೆಯೂ ಇತ್ತು. ಆ ಬಂಧಿಗಳಲ್ಲಿ ಈ ಕಾಡಂಚಿನ ಬಡವರೂ ಇದ್ದರು ಎನ್ನುವುದನ್ನು ಮರೆಯುವಂತಿಲ್ಲ. ಎರಡೂ ಸರ್ಕಾರಗಳು ಒಪ್ಪಲು ತಯಾರಾದವು. ಆದರೆ ವೀರಪ್ಪನ್ ಕಡೆಯವರ ಗುಂಡಿಗೆ ಬಲಿಯಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ ಮೊದಲ ವಾರ ಕೋರ್ಟು ಸರ್ಕಾರಗಳ ಕ್ರಮವನ್ನು ತಳ್ಳಿಹಾಕಿತು. ಮಗನನ್ನು ಕಳೆದುಕೊಂಡ ತಂದೆಯ ಮಾತಿನಲ್ಲಿ ನ್ಯಾಯವಿತ್ತು. ಕಾಡಿನಲ್ಲಿದ್ದ ವೃದ್ಧನ ಜೀವವೂ ದೊಡ್ಡದೇ. ಜೈಲಿನಲ್ಲಿದ್ದವರ ಗೋಳು ಇನ್ನೊಂದು. ಮೂರೂ ಒಟ್ಟಿಗೆ ಸಿಕ್ಕಿಕೊಂಡ ಗಂಟು ಅದು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಆ ಟಾಡಾ ಆರೋಪಿಗಳಲ್ಲಿ ಬಹುತೇಕರನ್ನು ಖುಲಾಸೆ ಮಾಡಿತು.

ಇತ್ತ ಕಾಡಿನಲ್ಲಿ ಮಳೆಗಾಲ. ಮಂಡಿನೋವಿನ ಮನುಷ್ಯ ದಿನ ಬಿಟ್ಟು ದಿನ ಜಾಗ ಬದಲಿಸುತ್ತ ನಡೆಯಬೇಕು, ಸಿಕ್ಕಿದ್ದು ತಿನ್ನಬೇಕು, ಟಾರ್ಪಾಲಿನ ಕೆಳಗೆ ಮಲಗಬೇಕು. ನಾಟಕ ಕಂಪನಿಯಲ್ಲಿ ನೆಲದ ಮೇಲೆ ಮಲಗಿ ಬೆಳೆದದ್ದು, ಯೋಗಾಭ್ಯಾಸ, ಇದ್ದುದಕ್ಕೆ ಹೊಂದಿಕೊಳ್ಳುವ ಸ್ವಭಾವ ಎಲ್ಲ ಆಗ ಕೈಹಿಡಿದಿರಬೇಕು. ಸೆಪ್ಟೆಂಬರ್ ಕೊನೆಯಲ್ಲಿ ನಾಗಪ್ಪ ತಪ್ಪಿಸಿಕೊಂಡು ಬಂದಾಗ ಹೊರಗಿದ್ದವರಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ಸಿಟ್ಟು ಉಳಿದವರ ಮೇಲೆ ತಿರುಗಿದರೆ ಏನು ಗತಿ ಎಂದು. ನಕ್ಕೀರನ್ ಗೋಪಾಲ್ ಹಲವು ಬಾರಿ ಕಾಡಿಗೆ ಹೋಗಿ ಬಂದರು. ಆಮೇಲೆ ಪಿ. ನೆಡುಮಾರನ್ ತಂಡ ಹೋಯಿತು. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಒಟ್ಟು 108 ದಿನ.

ಹೊರಗೆ ಬಂದವರು ಯಾರನ್ನೂ ಹಳಿಯಲಿಲ್ಲ. ತಮಿಳರ ಮೇಲೆ ಒಂದು ಕಟುಮಾತು ಅವರ ಬಾಯಿಂದ ಬಂದಿದ್ದರೂ ಸಾಕಿತ್ತು, ಬೆಂಗಳೂರು ಹೊತ್ತಿ ಉರಿಯುತ್ತಿತ್ತು. ತಾಳವಾಡಿಯಲ್ಲೂ ಅದರ ಬಿಸಿ ತಟ್ಟದೆ ಇರುತ್ತಿರಲಿಲ್ಲ. ಅಭಿಮಾನಿಗಳನ್ನು ದೇವರೆಂದು ಕರೆಯುತ್ತಿದ್ದ ಮನುಷ್ಯ ಆ ದೇವರುಗಳನ್ನು ಶಾಂತವಾಗಿಟ್ಟದ್ದು ಅವರ ಯಾವ ಚಿತ್ರಕ್ಕಿಂತಲೂ ದೊಡ್ಡ ಕೆಲಸ. ಅಪಹರಣದ ವರ್ಷವೇ ಬಂದಿದ್ದ ಶಬ್ದವೇಧಿ ಅವರ ಕೊನೆಯ ಚಿತ್ರವಾಯಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಪೊಲೀಸರ ಗುಂಡಿಗೆ ಬಲಿಯಾದ. ಅಂದು ಬೇಡಿಕೆಯಾಗಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ, ಬಂದೂಕಿನ ಹಂಗಿಲ್ಲದೆ, ಎರಡೂ ಸರ್ಕಾರಗಳ ಮಾತುಕತೆಯಲ್ಲೇ ಅನಾವರಣವಾಯಿತು. ಅಪಹರಣದ ಮೊಕದ್ದಮೆ ಮಾತ್ರ ಗೋಬಿಚೆಟ್ಟಿಪಾಳ್ಯಂ ನ್ಯಾಯಾಲಯದಲ್ಲಿ 18 ವರ್ಷ ನಡೆದು 2018ರ ಸೆಪ್ಟೆಂಬರ್ 25ರಂದು ಒಂಬತ್ತು ಆರೋಪಿಗಳ ಖುಲಾಸೆಯಲ್ಲಿ ಮುಗಿಯಿತು. ಆ ಹೊತ್ತಿಗೆ ರಾಜ್ ಇರಲಿಲ್ಲ, ಪಾರ್ವತಮ್ಮನವರೂ ಇರಲಿಲ್ಲ.

2006ರ ಫೆಬ್ರವರಿಯಲ್ಲಿ ತಮ್ಮ ವರದಪ್ಪ ತೀರಿಕೊಂಡರು. ನಾಟಕದ ದಿನಗಳಿಂದ ನೆರಳಿನಂತೆ ಜತೆಗಿದ್ದ ತಮ್ಮ. ಅದೇ ವರ್ಷ ಏಪ್ರಿಲ್ 12ರಂದು, ಬೆಂಗಳೂರಿನ ಸದಾಶಿವನಗರದ ಮನೆಯಲ್ಲಿ ರಾಜ್‌ಕುಮಾರ್ ಕೊನೆಯುಸಿರೆಳೆದರು. ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡು ದಿನ ಇತ್ತು. ಸುದ್ದಿ ಕೇಳಿ ಸೇರಿದ ಜನಸಾಗರ ಅಂಕೆ ಮೀರಿತು. ಗಲಭೆಯಲ್ಲಿ ಜೀವಗಳೂ ಹೋದವು. ಬದುಕಿರುವಷ್ಟು ದಿನ ಜನರನ್ನು ತಾಳ್ಮೆಯಲ್ಲಿರಿಸಿದವರು ಅಂದು ಇರಲಿಲ್ಲ.

ನೇತ್ರದಾನ ಮಾಡುವುದಾಗಿ ಅವರು ಮೊದಲೇ ಮಾತು ಕೊಟ್ಟಿದ್ದರು. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನಲ್ಲೇ ನೇತ್ರಬ್ಯಾಂಕ್ ಆರಂಭವಾಗಿತ್ತು. ಬೇಡರ ಕಣ್ಣಪ್ಪನಾಗಿ ಬಂದವರ ಕಣ್ಣುಗಳನ್ನು ಅಲ್ಲಿಯ ವೈದ್ಯರು ತೆಗೆದುಕೊಂಡರು. ಮಾರನೆಯ ದಿನ ಕಂಠೀರವ ಸ್ಟುಡಿಯೋ ಆವರಣದಲ್ಲಿ ಮಣ್ಣು ಮಾಡಲಾಯಿತು.